ಕಾಡಿನ ಕ್ವಾರ್ಟರ್ಸಿನಿಂದ ಬೈತಖೋಲದ ಧಕ್ಕೆಗೆ

ಅರಣ್ಯ ಇಲಾಖೆಯ ಕೆನರಾ ವೃತ್ತದಲ್ಲಿ ಐದು ವಿಭಾಗಗಳಿವೆ: ಹಳಿಯಾಳ, ಯಲ್ಲಾಪುರ, ಶಿರಸಿ, ಹೊನ್ನಾವರ, ಕಾರವಾರ. ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ಮೊದಲ ನಾಲ್ಕರ ಕ್ವಾರ್ಟರ್ಸುಗಳಲ್ಲಿ ನಾನು ಇದ್ದು ಬಂದಾಗಿತ್ತು. ಐದನೆಯದು ಡಿಪ್ಲೊಮಾಕ್ಕೆ ಸೇರುವಾಗ ಸಿಕ್ಕಿತು. ಅಪ್ಪ ಮೊದಲು ಗಾರ್ಡ್ ಆಗಿದ್ದರು, ಆಮೇಲೆ ಫಾರೆಸ್ಟರ್ ಆದರು. ಈಗ ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ವಯರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ರಿಪೇರಿ ಮಾಡುತ್ತೇನೆ. ಕಾಡಿನಲ್ಲಿ ಬೆಳೆದವನು ಸಮುದ್ರಕ್ಕೆ ಹೇಗೆ ಬಂದೆ ಅಂತ ಜನ ಕೇಳುತ್ತಲೇ ಇರುತ್ತಾರೆ. ಪ್ರತಿ ಸಲ ಹೇಳಿ ಸಾಕಾಗಿದೆ. ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ವರ್ಗಾವಣೆ ಆದೇಶ ಹೆಚ್ಚಾಗಿ ಮೇ ತಿಂಗಳಲ್ಲಿ ಬರುತ್ತಿತ್ತು. ಹೊಸ ಊರಿನಲ್ಲಿ ಸಾಮಾನು ಇಳಿಸುವ ಹೊತ್ತಿಗೆ ಮಳೆ ಹಿಡಿದಿರುತ್ತಿತ್ತು. ಲಾರಿಯ ಮೇಲೆ ತಾಡಪಾಲು, ಅದರಡಿ ಹಾಸಿಗೆ ಸುರುಳಿ, ಒರಳುಕಲ್ಲು, ಉಪ್ಪಿನಕಾಯಿ ಭರಣಿ. ಆ ಒರಳನ್ನು ಇಳಿಸುವಾಗ ನಮ್ಮನ್ನು ಬೈಯದ ಹಮಾಲರು ಯಾವ ಊರಲ್ಲೂ ಸಿಗಲಿಲ್ಲ. ರೇಷನ್ ಕಾರ್ಡು, ನಮ್ಮ ಟೀಸಿಗಳು, ಅಪ್ಪನ ಸರ್ವಿಸ್ ಕಾಗದಗಳು ಇದ್ದ ತಗಡಿನ ಟ್ರಂಕು ಮಾತ್ರ ಲಾರಿ ಹತ್ತುತ್ತಿರಲಿಲ್ಲ. ಅದು ಬಸ್ಸಿನಲ್ಲಿ ಅಮ್ಮನ ಕಾಲಬುಡದಲ್ಲೇ ಬರುತ್ತಿತ್ತು.

ಎಲ್ಲ ಉತ್ತರ ಕನ್ನಡ, ಒಂದೇ ಜಿಲ್ಲೆಯೊಳಗೆ ತಿರುಗಿದ್ದು ತಾನೇ ಅನ್ನಬಹುದು. ಆದರೆ ಈ ಜಿಲ್ಲೆ ಗೊತ್ತಿದ್ದವರು ಹಾಗೆ ಅನ್ನುವುದಿಲ್ಲ. ಜೊಯಿಡಾ ಕಡೆಯ ಕ್ಯಾಸಲ್‌ರಾಕಿನಲ್ಲಿ ಓರಗೆಯ ಮಕ್ಕಳೆಲ್ಲ ಕೊಂಕಣಿ, ಮರಾಠಿ ಮಾತಾಡುತ್ತಿದ್ದರು. ಆಗಿನ್ನೂ ಅಲ್ಲಿ ಮೀಟರ್ ಗೇಜ್ ರೈಲು. ಗೋವಾದ ಕಡೆ ಘಟ್ಟ ಇಳಿಯುವ ಗಾಡಿ ನೋಡುವುದೇ ನಮ್ಮ ಸಂಜೆಯ ಕೆಲಸ. ಅಲ್ಲಿಂದ ಯಲ್ಲಾಪುರದ ಮಂಚಿಕೇರಿಗೆ ಬಂದೆವು. ಅಲ್ಲಿಂದ ಶಿರಸಿಯ ಹುಲೇಕಲ್. ಅಲ್ಲಿ ಮನೆಮನೆಯಲ್ಲಿ ಹವ್ಯಕ ಕನ್ನಡ, ಊಟಕ್ಕೆ ತಂಬುಳಿ, ಅಪ್ಪೆಹುಳಿ. ಘಟ್ಟ ಇಳಿದು ಕುಮಟಾ ಕಡೆಯ ಕತಗಾಲಕ್ಕೆ ಬಂದರೆ ಹಾಲಕ್ಕಿ ಒಕ್ಕಲಿಗರ ಮಾತಿನ ಧಾಟಿಯೇ ಬೇರೆ. ಒಂದು ಮಾತು ಕಿವಿಗೆ ಹತ್ತುವಷ್ಟರಲ್ಲಿ ಇನ್ನೊಂದು ಊರು ಬರುತ್ತಿತ್ತು.

ಹುಲೇಕಲ್ಲಿನ ಬಗ್ಗೆ ಸ್ವಲ್ಪ ಹೇಳಬೇಕು. ಅಲ್ಲೇ ಹತ್ತಿರದ ಸಾಲ್ಕಣಿಯವರು 1983ರ ಸೆಪ್ಟೆಂಬರ್‌ನಲ್ಲಿ ಇಲಾಖೆಯ ಮರ ಕಡಿತ ತಡೆಯಲು ಮರಗಳನ್ನು ಅಪ್ಪಿಕೊಂಡು ನಿಂತವರು. ಅಪ್ಪಿಕೋ ಚಳವಳಿ ಶುರುವಾದದ್ದು ಅಲ್ಲಿ. ನಾವು ಹೋಗುವಾಗ ಅದು ಹಳೆಯ ಸುದ್ದಿಯಾಗಿತ್ತು. ಆದರೂ ಫಾರೆಸ್ಟ್‌ನವರ ಮಗ ಅಂದ ಕೂಡಲೇ ಒಂದು ನೋಟ ಬೀಳುತ್ತಿತ್ತು. ಬೆಂಚಿನಲ್ಲಿ ಪಕ್ಕ ಕೂತವನು ಮೊದಲ ದಿನವೇ ಕೇಳಿದ, "ನಿನ್ನ ಅಪ್ಪ ಮರ ಕಡಿಸ್ತಾರಾ?" ನಾನು ಮನೆಗೆ ಬಂದು ಅದನ್ನೇ ಅಪ್ಪನನ್ನು ಕೇಳಿದೆ. ಅಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. "ಈಗ ಇಲ್ಲ" ಅಂದರು ಅಷ್ಟೇ. ಆಮೇಲೆ ಅದೇ ಹುಡುಗನ ಮನೆಗೆ ಅಪ್ಪ ಹಲಸಿನ ಹಪ್ಪಳಕ್ಕೆ ಹೋಗುವಷ್ಟು ಸಲಿಗೆ ಬೆಳೆಯಿತು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು ಅಲ್ವಾ, ನಮಗೆ ಅಲ್ಲಿ ಒಂದೇ ಒಂದು ಜಾತ್ರೆ ಸಿಕ್ಕಿತು. ಮುಂದಿನದರ ಹೊತ್ತಿಗೆ ಗಂಟುಮೂಟೆ ಕಟ್ಟಿ ಆಗಿತ್ತು.

ಶಾಲೆಯ ಕಥೆ ಏನು ಕೇಳುತ್ತೀರಿ. ಒಂದು ಕಡೆ ಭಿನ್ನರಾಶಿ ಮುಗಿಸಿ ಬಂದರೆ ಇನ್ನೊಂದು ಕಡೆ ಆಗ ಶುರುವಾಗಿರುತ್ತಿತ್ತು. ಹೀಗಾಗಿ ಭಿನ್ನರಾಶಿ ಎರಡು ಸಲ ಕಲಿತೆ, ಲಾಭ-ನಷ್ಟ ಒಂದು ಸಲವೂ ಕಲಿಯಲಿಲ್ಲ. ಅದು ನನ್ನ ಬಿಲ್ ಪುಸ್ತಕದಲ್ಲಿ ಈಗಲೂ ಕಾಣುತ್ತದೆ ಅನ್ನುವುದು ಹೆಂಡತಿಯ ಅಭಿಪ್ರಾಯ. ಗೆಳೆಯರ ವಿಷಯ ಹೆಚ್ಚು ಬರೆಯುವುದಿಲ್ಲ. ಆಗ ಫೋನಿಲ್ಲ, ಕಾಗದ ಬರೆಯುವ ವಯಸ್ಸಲ್ಲ. ಊರು ಬಿಟ್ಟರೆ ಬಿಟ್ಟ ಹಾಗೇ.

ಅಪ್ಪ ಬೀಟ್ ನೋಡಲು ಹೋದರೆ ಅಮ್ಮ ಮನೆ ನೋಡುತ್ತಿದ್ದರು. ಎಲ್ಲಿ ಸೋರುತ್ತದೆ, ಯಾವ ಸ್ವಿಚ್ಚು ಶಾಕ್ ಹೊಡೆಯುತ್ತದೆ, ಬಾವಿಯ ನೀರು ಎಷ್ಟು ತಿಂಗಳು ಇರುತ್ತದೆ, ಬಚ್ಚಲ ಹಿಂದೆ ಹುತ್ತ ಇದೆಯಾ ಅಂತ ಎಲ್ಲವನ್ನೂ ಅಕ್ಕಪಕ್ಕದವರ ಹತ್ತಿರ ಸಂಕೋಚ ಇಲ್ಲದೆ ಕೇಳಿ ತಿಳಿದುಕೊಳ್ಳುತ್ತಿದ್ದರು. ವಾರ ಕಳೆಯುವುದರೊಳಗೆ ಆ ಮನೆಯ ಬಗ್ಗೆ ಹಳಬರಿಗಿಂತ ಅಮ್ಮನಿಗೇ ಜಾಸ್ತಿ ಗೊತ್ತಿರುತ್ತಿತ್ತು. ಗೊತ್ತಿಲ್ಲದ ಜಾಗಕ್ಕೆ ಹೋಗಿ ಮೊದಲು ಏನು ಕೇಳಬೇಕು, ಯಾರನ್ನು ಕೇಳಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಅವರು. ಅದು ಕಲಿಕೆ ಅಂತ ಆಗ ಅವರಿಗೂ ಅನ್ನಿಸಿರಲಿಕ್ಕಿಲ್ಲ, ನನಗಂತೂ ಅನ್ನಿಸಿರಲಿಲ್ಲ.

ಇನ್ನೊಂದು ಸಂಗತಿ ವಯರ್‌ಲೆಸ್. ರೇಂಜ್ ಆಫೀಸಿನ ಮೂಲೆಯಲ್ಲಿ ಒಂದು ಸೆಟ್ಟು ಸದಾ ಕರಕರ ಅನ್ನುತ್ತಿತ್ತು. ಬೇಸಿಗೆಯಲ್ಲಿ ಬೆಂಕಿಯ ಕಾಲ ಬಂತೆಂದರೆ ಅದಕ್ಕೆ ಬಿಡುವೇ ಇಲ್ಲ. ಅಪ್ಪನ ಕೈಯಲ್ಲಿ ಇಟ್ಟಿಗೆಯಷ್ಟು ತೂಕದ ವಾಕಿಟಾಕಿ ಇರುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ನಿಂತರೆ ದೂರದ ಆಫೀಸು ಕೂಡ ಸ್ಪಷ್ಟ ಕೇಳುತ್ತಿತ್ತು. ಹಳ್ಳಕ್ಕೆ ಇಳಿದರೆ ಕೂಗಳತೆಯ ಆಚೆ ಇದ್ದವರೂ ಸಿಗುತ್ತಿರಲಿಲ್ಲ. ಹಾಗ್ಯಾಕೆ ಅಂತ ಕೇಳಿದ್ದಕ್ಕೆ ಆಪರೇಟರು ಹೇಳಿದ್ದು ಇಷ್ಟು: "ಅದಕ್ಕೆ ದಾರಿ ಕಾಣಬೇಕು ತಮಾ. ಎದುರಿಗೆ ಕಂಡ್ರೆ ಕೇಳ್ತದೆ." ಇಂಥ ಸೆಟ್ಟುಗಳು ಬಳಸುವ ವಿಎಚ್‌ಎಫ್ ಅನ್ನುವ ರೇಡಿಯೋ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತವೆ. ಡಿಪ್ಲೊಮಾದಲ್ಲಿ ಇದೇ ವಿಷಯಕ್ಕೆ ಒಂದು ಇಡೀ ಅಧ್ಯಾಯ ಇತ್ತು. ಆಪರೇಟರ ಒಂದು ಮಾತಿನಷ್ಟು ಅದು ತಲೆಗೆ ಹತ್ತಲಿಲ್ಲ.

ಕೊಂಕಣ ರೈಲು 1998ರ ಜನವರಿ 26ರಿಂದ ಪೂರ್ತಿ ಓಡಲು ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಹತ್ತನೇ ಕ್ಲಾಸಿನಲ್ಲಿ ಬಂದ ಅಂಕ ಚೆನ್ನಾಗಿಯೇ ಇತ್ತು. ನೆಂಟರೆಲ್ಲ ಪಿಯುಸಿ, ಸಿಇಟಿ, ಇಂಜಿನಿಯರಿಂಗ್ ಅಂದರು. ಅಪ್ಪನಿಗೆ ಕಾರವಾರಕ್ಕೆ ವರ್ಗವಾಗಿತ್ತು. ಮತ್ತೆ ಯಾವಾಗ ಎತ್ತಿ ಹಾಕುತ್ತಾರೋ ಗೊತ್ತಿರಲಿಲ್ಲ. ಮೂರು ವರ್ಷಕ್ಕೆ ಮುಗಿದು ಕೈಗೆ ಕೆಲಸ ಸಿಗುವ ಓದು ಬೇಕಿತ್ತು ನನಗೆ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಡಿಪ್ಲೊಮಾ ಸೇರಿದೆ. ಅವತ್ತು ಅಯ್ಯೋ ಪಾಪ ಅಂದವರು ಇದ್ದಾರೆ. ಇವತ್ತಿಗೂ ಮದುವೆಮನೆಯಲ್ಲಿ ಸಿಕ್ಕಿದರೆ "ಆಗ ಬಿಇ ಮಾಡಬಹುದಿತ್ತು" ಅನ್ನುತ್ತಾರೆ. ಸುಮ್ನೆ ನಗುತ್ತೇನೆ, ಹೋಳಿಗೆ ಬಿಸಿ ಇರುವಾಗ ವಾದ ಯಾಕೆ.

ಡಿಪ್ಲೊಮಾ ಮುಗಿಸಿ ನಮ್ಮ ಕಡೆಯ ಎಲ್ಲರ ಹಾಗೆ ಬೆಂಗಳೂರಿನ ಬಸ್ಸು ಹತ್ತಿದೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಯುಪಿಎಸ್ ಬೋರ್ಡುಗಳ ಟೆಸ್ಟಿಂಗ್ ಕೆಲಸ. ಒಂದೇ ಬೋರ್ಡು, ಒಂದೇ ಮೂರು ಪಾಯಿಂಟು, ದಿನವಿಡೀ. ಕೆಟ್ಟದ್ದನ್ನು ಕೆಂಪು ಡಬ್ಬಿಗೆ ಹಾಕಬೇಕು. ಯಾಕೆ ಕೆಟ್ಟಿತು ಅಂತ ನೋಡುವ ಕೆಲಸ ಬೇರೆಯವರದು. ನನಗೆ ಬೇಕಿದ್ದದ್ದು ಆ ಡಬ್ಬಿ. ಕೇಳಿದರೆ ಕೊಡಲಿಲ್ಲ. ಅದಕ್ಕೆ ಬಿಟ್ಟೆ.

ಆಮೇಲೆ ಮೊಬೈಲ್ ಟವರ್ ಕೆಲಸ. ಆಗ ಊರೂರಿಗೆ ಟವರ್ ಏಳುತ್ತಿದ್ದ ಕಾಲ. ಒಬ್ಬ ಗುತ್ತಿಗೆದಾರನ ಕೈಕೆಳಗೆ ಗದಗ, ಕೊಪ್ಪಳ, ಬಳ್ಳಾರಿ ಅಂತ ತಿರುಗಿದೆ. ಒಂದು ಟವರಿನಿಂದ ಇನ್ನೊಂದಕ್ಕೆ ಮೈಕ್ರೋವೇವ್ ಲಿಂಕ್ ಕೂಡಿಸಬೇಕು. ಎರಡೂ ಕಡೆ ದುಂಡನೆಯ ಡಿಶ್. ಕಿರಣ ಬಹಳ ಸಪೂರ. ಮೇಲೆ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು, ರೇಡಿಯೋಕ್ಕೆ ಮಲ್ಟಿಮೀಟರ್ ಚುಚ್ಚಿ, ಸಿಗ್ನಲ್ ಏರಿದಂತೆ ಏರುವ ವೋಲ್ಟನ್ನು ನೋಡುತ್ತಾ ನಟ್ಟನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಇದರಲ್ಲಿ ಒಂದು ಮೋಸ ಇದೆ. ಮುಖ್ಯ ಕಿರಣದ ಆಚೀಚೆ ಸಣ್ಣ ಕಿರಣಗಳೂ ಇರುತ್ತವೆ. ಅದರ ಮೇಲೆ ಡಿಶ್ ಕೂತರೂ ಮೀಟರು ಏರಿ ಇಳಿಯುತ್ತದೆ, ಸರಿಯಾಯಿತು ಅನ್ನಿಸುತ್ತದೆ. ಅದಕ್ಕೇ ಒಂದು ಏರಿಗೆ ನಿಲ್ಲಬಾರದು. ಎರಡೂ ಕಡೆ ಪೂರ್ತಿ ಬೀಸಿ, ಎಲ್ಲ ಏರಿಳಿತ ನೋಡಿ, ಎಲ್ಲಕ್ಕಿಂತ ಎತ್ತರದ್ದಕ್ಕೆ ಬಿಗಿಯಬೇಕು.

ಕೆಲಸ ಖುಷಿಯದ್ದೇ. ಬದುಕು ಮಾತ್ರ ಲಾಡ್ಜಿನಿಂದ ಲಾಡ್ಜಿಗೆ. ಚಿಕ್ಕಂದಿನ ತಿರುಗಾಟದಲ್ಲಿ ಕೊನೆಪಕ್ಷ ಒರಳುಕಲ್ಲು ಜೊತೆಗೆ ಬರುತ್ತಿತ್ತು. ಇಲ್ಲಿ ಒಂದು ಚೀಲ, ಅದರಲ್ಲಿ ಅರ್ಧ ಉಪಕರಣಗಳು. ಕೊನೆಗೆ ಗುತ್ತಿಗೆದಾರ ತಿಂಗಳುಗಟ್ಟಲೆ ಸಂಬಳ ಉಳಿಸಿಕೊಂಡ. ಫೋನ್ ಎತ್ತುವುದನ್ನೂ ಬಿಟ್ಟ. ಅಪ್ಪ ಅಷ್ಟರಲ್ಲಿ ನಿವೃತ್ತರಾಗಿ ಅಂಕೋಲಾದಲ್ಲಿ ಮನೆ ಕಟ್ಟಿಸಿದ್ದರು. ಅದು ನಮ್ಮ ಹೆಸರಿನ ಮೊದಲ ಮನೆ. ಅಲ್ಲಿಗೆ ಬಂದು ಕೂತೆ.

ನಮ್ಮ ಹಿಂದಿನ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ನಾವೆಲ್ಲ ಮಾಮ ಅನ್ನುತ್ತಿದ್ದೆವು. ಸರಕು ಹಡಗುಗಳಲ್ಲಿ ರೇಡಿಯೋ ಆಫೀಸರ್ ಆಗಿ ದೇಶವಿದೇಶ ಸುತ್ತಿದವರು. ಹಡಗಿನ ಮೇಲೆ ಆ ಹುದ್ದೆಯವರನ್ನು ಎಲ್ಲರೂ ಸ್ಪಾರ್ಕ್ಸ್ ಅಂತಲೇ ಕರೆಯುತ್ತಾರಂತೆ. 1999ರ ಫೆಬ್ರವರಿ 1ರಿಂದ ಹಡಗುಗಳ ಅಪಾಯದ ಕರೆಗೆ ಜಿಎಂಡಿಎಸ್‌ಎಸ್ ಅನ್ನುವ ಉಪಗ್ರಹ ಮತ್ತು ಡಿಜಿಟಲ್ ವ್ಯವಸ್ಥೆ ಪೂರ್ತಿ ಜಾರಿಗೆ ಬಂತು. ಮೋರ್ಸ್ ಕುಟ್ಟಲು ಹಡಗಿನಲ್ಲಿ ಒಬ್ಬ ಬೇಕೇ ಬೇಕು ಅನ್ನುವ ಕಾಲ ಮುಗಿಯಿತು. ಮಾಮ ಮನೆಗೆ ಬಂದರು. ಸುಮ್ನೆ ಕೂರುವ ಜೀವ ಅಲ್ಲ ಅದು. ಬೈತಖೋಲ, ಬೇಲೇಕೇರಿ, ತದಡಿ ಅಂತ ಸ್ಕೂಟರಿನಲ್ಲಿ ಹೋಗಿ ಬೋಟುಗಳ ವಯರ್‌ಲೆಸ್ ರಿಪೇರಿ ಮಾಡುತ್ತಿದ್ದರು. ನಾನು ಕೆಲಸ ಇಲ್ಲದೆ ಜಗಲಿಯಲ್ಲಿ ಕೂತಿರುವುದನ್ನು ಒಂದೆರಡು ವಾರ ನೋಡಿದರು. ಒಂದು ಬೆಳಿಗ್ಗೆ ಬೇಲಿಯ ಆಚೆಯಿಂದಲೇ, "ಟವರ್ ಹತ್ತಿದವನು ಬೋಟು ಹತ್ತಲಿಕ್ಕೆ ಹೆದರ್ತೀಯಾ? ಬಾ" ಅಂದರು.

ಮೊದಲ ದಿನ ತೋರಿಸಿದ ಬೋಟಿನ ದೂರು ಹೀಗಿತ್ತು: ವಯರ್‌ಲೆಸ್‌ನಲ್ಲಿ ಬೇರೆಯವರ ಮಾತು ಚೆನ್ನಾಗಿ ಕೇಳುತ್ತದೆ, ನಾವು ಮಾತಾಡಲು ಬಟನ್ ಒತ್ತಿದರೆ ಸೆಟ್ಟೇ ಆಫ್ ಆಗುತ್ತದೆ. ನಾನು ಸೆಟ್ ಬಿಚ್ಚಲು ಸ್ಕ್ರೂಡ್ರೈವರ್ ತೆಗೆದೆ. ಮಾಮ ಅದನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. "ಮೊದಲು ಬರಿ" ಅಂದರು. ಬ್ಯಾಟರಿಯಿಂದ ಸೆಟ್ಟಿನ ತನಕ ಎಷ್ಟು ವಯರು, ಯಾವ ಬಣ್ಣ, ಎಲ್ಲಿ ಜೋಡಿಸಿದ್ದು, ಎಲ್ಲಿ ಫ್ಯೂಸು, ಎಲ್ಲ ಒಂದು ಹಾಳೆಯ ಮೇಲೆ ಬರೆಯಬೇಕು. ಎಂಜಿನ್ ರೂಮಿನ ಡೀಸೆಲ್ ಮತ್ತು ಮೀನಿನ ವಾಸನೆಯಲ್ಲಿ ಬಗ್ಗಿ, ಟಾರ್ಚು ಹಿಡಿದು, ವಯರಿನ ಹಿಂದೆಯೇ ಹೋದೆ. ಮನೆಯ ಟ್ಯೂಬ್‌ಲೈಟಿಗೆ ಎಳೆಯುವ ತೆಳು ವಯರನ್ನೇ ಅಷ್ಟುದ್ದ ಎಳೆದಿದ್ದರು. ನಡುವೆ ಎರಡು ಕಡೆ ಬರೀ ತಿರುಚಿ ಟೇಪು ಸುತ್ತಿದ ಜೋಡಣೆ. ಒಂದರ ಟೇಪು ಬಿಡಿಸಿದರೆ ಒಳಗೆ ತಾಮ್ರ ಹಸಿರಾಗಿ ಪುಡಿಯಾಗುತ್ತಿತ್ತು.

ಮಾಮ ಮೀಟರನ್ನು ಸೆಟ್ಟಿನ ಹಿಂದಿನ ತುದಿಗೆ ಹಿಡಿಸಿದರು. ಸುಮ್ಮನಿದ್ದಾಗ 12 ವೋಲ್ಟಿಗಿಂತ ಜಾಸ್ತಿಯೇ ಇತ್ತು. ಬಟನ್ ಒತ್ತಿದೆ. ಅಂಕಿ 9ಕ್ಕೆ ಬಿತ್ತು, ಸೆಟ್ ಆಫ್. ಅಷ್ಟೇ ಕಥೆ. ಕೇಳುವಾಗ ಸೆಟ್ ಎಳೆಯುವ ಕರೆಂಟು ತೀರಾ ಕಡಿಮೆ. ಮಾತಾಡುವಾಗ 25 ವ್ಯಾಟ್ ಹೊರಗೆ ಹಾಕಬೇಕು, ಐದಾರು ಆಂಪಿಯರ್ ಬೇಕು. ಅಷ್ಟು ಕರೆಂಟು ಹರಿದ ಕೂಡಲೇ ಆ ತೆಳು ವಯರು, ಆ ಹಸಿರು ಜೋಡಣೆ ವೋಲ್ಟನ್ನೆಲ್ಲ ತಿಂದು ಹಾಕುತ್ತಿತ್ತು. ಸೆಟ್ಟಿಗೆ ಏನೂ ಆಗಿರಲಿಲ್ಲ. ಅದನ್ನು ಬಿಚ್ಚಿದ್ದರೆ ದಿನವಿಡೀ ಹುಡುಕುತ್ತಾ ಕೂರಬೇಕಿತ್ತು.

ಅವತ್ತು ಸಂಜೆ ದಪ್ಪ ವಯರು ಎಳೆದು, ಬೆಸುಗೆ ಹಾಕಿ ಮುಗಿಸಿದೆವು. ಬೋಟಿನವನು ಚಾನೆಲ್ ಹಾಕಿ ಕೊಂಕಣಿಯಲ್ಲಿ ಯಾರನ್ನೋ ಕೂಗಿದ. ಹೊರಗೆ ಸಮುದ್ರದಲ್ಲಿದ್ದ ಇನ್ನೊಂದು ಬೋಟಿನಿಂದ ಉತ್ತರ ಬಂತು, ಜೊತೆಗೆ ಒಂದು ಒಳ್ಳೆ ಬೈಗುಳವೂ ಬಂತು. ಇಷ್ಟು ದಿನ ಸತ್ತಿದ್ದೆಯಾ ಅಂತ. ಪೀಣ್ಯದ ಕೆಂಪು ಡಬ್ಬಿ ನನಗೆ ಸಿಕ್ಕಿತು ಅಂತ ಅವತ್ತೇ ಗೊತ್ತಾಯಿತು.

ಹೀಗೆ ಮಾಮನ ಸ್ಕೂಟರಿನ ಹಿಂದೆ ಕೂತು ಕಲಿತೆ. ಯಾವ ಬೋಟಿಗೂ ವಯರಿಂಗ್ ನಕ್ಷೆ ಅಂತ ಇರುವುದಿಲ್ಲ. ಮಾಲೀಕ ಬದಲಾದ ಹಾಗೆ, ಬೋಟು ನಡೆಸುವ ತಾಂಡೇಲ ಬದಲಾದ ಹಾಗೆ, ಒಬ್ಬೊಬ್ಬರು ಒಂದೊಂದು ವಯರು ಎಳೆದಿರುತ್ತಾರೆ. ನನ್ನ ಹತ್ತಿರ ಈಗ ನೋಟ್‌ಬುಕ್ಕುಗಳ ರಾಶಿ ಇದೆ, ಪ್ರತಿ ಬೋಟಿಗೂ ಒಂದು ಪುಟ. ಹೊಸ ಬೋಟಿಗೆ ಕಾಲಿಟ್ಟಾಗ ಮೊದಲು ಮಾತಾಡಿಸುವುದು ಮಾಲೀಕನನ್ನಲ್ಲ, ಅಡುಗೆ ಮಾಡುವ ಖಲಾಸಿಯನ್ನು. ಯಾವ ದೀಪ ಯಾವಾಗ ಮಂಕಾಗುತ್ತದೆ, ಯಾವ ಬಾಕ್ಸು ಬಿಸಿಯಾಗುತ್ತದೆ, ಮಳೆನೀರು ಎಲ್ಲಿಂದ ಇಳಿಯುತ್ತದೆ ಎಲ್ಲ ಅವನಿಗೆ ಗೊತ್ತು. ಅಮ್ಮ ಪಕ್ಕದ ಮನೆಯವರನ್ನು ಕೇಳುತ್ತಿದ್ದ ಪ್ರಶ್ನೆಗಳು ಇವೇ. ಒಂದೇ ಊರಿನಲ್ಲಿ ಬೆಳೆದ ನನ್ನ ಜೊತೆಯವರಿಗೆ ಹೀಗೆ ಕೇಳಲು ಸ್ವಲ್ಪ ಬಿಂಕ. ನನಗೆ ಅದು ಇಲ್ಲ. ಯಾವ ಊರಲ್ಲೂ ಹಳಬನಾಗಿದ್ದವನಲ್ಲ ನಾನು, ಕೇಳಿಯೇ ಬದುಕಿದ್ದು.

24 ವೋಲ್ಟಿನ ಬೋಟುಗಳಲ್ಲಿ ಒಂದು ಚಾಳಿ ಇದೆ, ಓದುವ ಬೋಟಿನವರಿದ್ದರೆ ಅವರಿಗಾಗಿ ಹೇಳುತ್ತೇನೆ. 12ರ ಎರಡು ಬ್ಯಾಟರಿ ಸಾಲಾಗಿ ಕೂಡಿಸಿ 24 ಮಾಡಿರುತ್ತಾರೆ. ವಯರ್‌ಲೆಸ್ಸಿಗೆ 12 ಸಾಕು. ಅದಕ್ಕೆ ಒಂದೇ ಬ್ಯಾಟರಿಯಿಂದ ವಯರು ಎಳೆದುಕೊಳ್ಳುತ್ತಾರೆ. ಖರ್ಚಾಗುವುದು ಒಂದರಿಂದ, ಚಾರ್ಜಾಗುವುದು ಎರಡೂ ಒಟ್ಟಿಗೆ. ಒಂದು ಸದಾ ಹಸಿದಿರುತ್ತದೆ, ಇನ್ನೊಂದಕ್ಕೆ ಅಜೀರ್ಣ. ಕೆಲವು ತಿಂಗಳಲ್ಲಿ ಎರಡೂ ಹೋಗುತ್ತವೆ. ಬ್ಯಾಟರಿ ಕಂಪನಿಯನ್ನು ಬೈದು ಏನೂ ಉಪಯೋಗ ಇಲ್ಲ. 24ರಿಂದ 12 ಮಾಡುವ ಕನ್ವರ್ಟರ್ ಒಂದು ಹಾಕಿಸಿ.

ನನಗೆ ಅತಿ ಇಷ್ಟದ ಕೆಲಸ ಫಿಶ್ ಫೈಂಡರಿನದು. ಬೋಟಿನ ತಳದಲ್ಲಿ ಟ್ರಾನ್ಸ್‌ಡ್ಯೂಸರ್ ಅನ್ನುವ ಸಣ್ಣ ಗುಂಡು ಕೂತಿರುತ್ತದೆ. ನಮ್ಮ ಕಿವಿಗೆ ಕೇಳದ ಶಬ್ದವನ್ನು ಕೆಳಗೆ ಬಿಡುತ್ತದೆ, ತಳಕ್ಕೆ ಬಡಿದು ಬಂದದ್ದನ್ನು ಕೇಳಿಸಿಕೊಳ್ಳುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 30 ಮೀಟರ್ ಆಳವಿದ್ದರೆ ಹೋಗಿ ಬರಲು ಸೆಕೆಂಡಿನ 25ರಲ್ಲಿ ಒಂದು ಪಾಲು ಸಾಕು. ನಡುವೆ ಮೀನಿನ ಗುಂಪಿದ್ದರೆ, ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬಡಿದ ಶಬ್ದ ಮೊದಲೇ ವಾಪಸ್ ಬರುತ್ತದೆ. ತಾರ್ಲೆ ಮೀನಿನ ದೊಡ್ಡ ಗುಂಪು ಪರದೆಯ ಮೇಲೆ ಹಸಿ ಕಟ್ಟಿಗೆಯ ಒಲೆಯಿಂದ ಹೊಗೆ ಎದ್ದ ಹಾಗೆ ಕಾಣುತ್ತದೆ. ಅನುಭವಿ ತಾಂಡೇಲ ಅದನ್ನು ನೋಡಿಯೇ ಇದು ತಾರ್ಲೆ, ಇದು ಬಂಗಡೆ ಅನ್ನುತ್ತಾನೆ. ನನಗೆ ಅದು ಇನ್ನೂ ಬಂದಿಲ್ಲ.

ಮೀನಿನ ಗುಂಪಿನ ಸುತ್ತ ಬಲೆ ಬೀಸಿ ಹಿಡಿಯುವ ಒಂದು ಪರ್ಸೀನ್ ಬೋಟಿನ ತಾಂಡೇಲ ಒಮ್ಮೆ ಬಂದ. "ಧಕ್ಕೆಯಲ್ಲಿ ನಿಂತಾಗ ಸರಿ ಇರ್ತದೆ ತಮಾ. ಹೊರಗೆ ಹೋದ್ರೆ ಬರೀ ಕಸ ತೋರಿಸ್ತದೆ. ಅಂಗಡಿಯವರು ಸೆಟ್ ಹೋಗಿದೆ, ಹೊಸದು ತಗೊಳ್ಳಿ ಅಂದ್ರು."

ಹೋಗಿ ನೋಡಿದೆ. ಎಂಜಿನ್ ಬಂದ್ ಇದ್ದಾಗ ತಳದ ಗೆರೆ ಸ್ವಚ್ಛ. ಎಂಜಿನ್ ಚಾಲೂ ಮಾಡಿಸಿ ಗೇರ್ ಹಾಕದೆ ನಿಲ್ಲಿಸಿದೆ. ಆಗಲೂ ಸ್ವಚ್ಛ. ಎಕ್ಸಲರೇಟರ್ ಏರಿಸಿ ನೋಡಿದೆ, ಏನೂ ಆಗಲಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಿಂದ ಬರುವ ಗದ್ದಲವಾಗಿದ್ದರೆ ನಿಂತಲ್ಲೇ ಕಾಣಬೇಕಿತ್ತು. ಹಾಗಾಗಿ ವಯರು, ಬ್ಯಾಟರಿ, ಸೆಟ್ಟು ಎಲ್ಲ ಲೆಕ್ಕದಿಂದ ಹೊರಗೆ ಹೋದವು. ಬೋಟನ್ನು ಬಂದರಿನ ಬಾಯಿಯ ತನಕ ಒಯ್ಯಿಸಿದೆ. ನಿಧಾನ ಹೋದರೆ ಗೆರೆ ಇದೆ. ಸ್ಪೀಡ್ ಏರಿದಂತೆ ಗೆರೆ ಹರಿಯಲು ಶುರು. ಇನ್ನೂ ಏರಿಸಿದರೆ ಪರದೆ ತುಂಬ ಚುಕ್ಕೆ. ಬೋಟು ಓಡಿದಾಗ ಮಾತ್ರ ಬರುವ ದೋಷ ಅಂದರೆ ಅದು ನೀರಿನಲ್ಲಿದೆ, ಗುಳ್ಳೆ. ಟ್ರಾನ್ಸ್‌ಡ್ಯೂಸರಿನ ಮುಖದ ಮೇಲೆ ಗಾಳಿಗುಳ್ಳೆಯ ಪದರ ಬಂದರೆ ಶಬ್ದ ಅದನ್ನು ದಾಟುವುದಿಲ್ಲ.

"ಈ ಸಲದ ಮಳೆಗಾಲದ ಬಂದ್‌ನಲ್ಲಿ ಬೋಟಿನ ತಳಕ್ಕೆ ಏನಾದ್ರೂ ಕೆಲಸ ಮಾಡಿಸಿದ್ರಾ?"

ತಾಂಡೇಲ ತಲೆ ಕೆರೆದುಕೊಂಡ. "ಒಂದು ಪಟ್ಟಿ ಹೊಡೆಸಿದ್ದೆವು. ಹಳೇದು ಲಡ್ಡಾಗಿತ್ತು."

ಒಬ್ಬ ಖಲಾಸಿ ಲುಂಗಿ ಕಟ್ಟಿ ಮುಳುಗಿದ. ಮೇಲೆ ಬಂದು ಕೈಯಲ್ಲೇ ಅಳತೆ ತೋರಿಸಿದ. ಹೊಸ ಪಟ್ಟಿಯ ಚೂಪು ತುದಿ ಟ್ರಾನ್ಸ್‌ಡ್ಯೂಸರಿನ ಸರಿಯಾಗಿ ಮುಂದೆಯೇ ಇದೆ, ಒಂದು ಮೊಳವೂ ದೂರ ಇಲ್ಲ. ಓಡುವಾಗ ಆ ತುದಿಯಿಂದ ಏಳುವ ಗುಳ್ಳೆಯೆಲ್ಲ ಸೀದಾ ಅದರ ಮೇಲೇ ಹಾಯುತ್ತದೆ. ಬೋಟನ್ನು ಮೇಲೆಳೆಯುವ ತನಕ ಮೀನು ಹುಡುಕುವಾಗ ಸ್ಪೀಡ್ ಇಳಿಸಿ ಅಂದೆ. ಮುಂದಿನ ಜೂನ್‌ನಲ್ಲಿ ಟ್ರಾನ್ಸ್‌ಡ್ಯೂಸರನ್ನು ಬದಿಗೆ ಸರಿಸಿ ಕೂರಿಸಿದೆವು. ಸೆಟ್ಟು ಹಳೆಯದೇ ಇದೆ, ಈಗಲೂ ಓಡುತ್ತಿದೆ. ಹೊಸ ಸೆಟ್ ಮಾರಿದ್ದರೆ ನನಗೂ ನಾಲ್ಕು ಕಾಸು ಸಿಗುತ್ತಿತ್ತು ಅನ್ನಿ. ಆ ಲೆಕ್ಕವೂ ಲಾಭ-ನಷ್ಟದ ಪಾಠಕ್ಕೆ ಸೇರಿದ್ದು.

2018ರ ಡಿಸೆಂಬರ್ ನಂತರ ಈ ಕೆಲಸದ ತೂಕ ನನಗೇ ಬೇರೆಯಾಗಿ ಕಂಡಿತು. ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಅನ್ನುವ ಬೋಟು ಮಹಾರಾಷ್ಟ್ರದ ಕಡೆಯ ಸಮುದ್ರದಲ್ಲಿ ಕಾಣೆಯಾಯಿತು. ಅದರಲ್ಲಿ ಏಳು ಜನ ಇದ್ದರು. ಹೆಚ್ಚಿನವರು ನಮ್ಮ ಜಿಲ್ಲೆಯ ಕರಾವಳಿಯವರು. 2019ರ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಮಾಲ್ವಣ ಆಚೆ ಸಮುದ್ರದ ತಳದಲ್ಲಿ ಅವಶೇಷ ಸಿಕ್ಕಿತು. ಜನ ಸಿಗಲಿಲ್ಲ. ಆ ತಿಂಗಳುಗಳಲ್ಲಿ ಬಂದರಿಗೆ ಹೋದರೆ ಬೇರೆ ಮಾತೇ ಇರಲಿಲ್ಲ. ಅಲ್ಲಿಯವರೆಗೆ "ಮುಂದಿನ ಸಲ ನೋಡುವಾ" ಅನ್ನುತ್ತಿದ್ದ ಮಾಲೀಕರು ತಾವಾಗಿ ಫೋನ್ ಮಾಡಿದರು. ಖಲಾಸಿಯೊಬ್ಬನ ತಾಯಿ ಧಕ್ಕೆಗೆ ಬಂದು, ಮಗ ಹೋಗುವ ಬೋಟಿನ ವಯರ್‌ಲೆಸ್ ಮಾತಾಡುತ್ತದಾ ಅಂತ ನನ್ನನ್ನು ನೇರ ಕೇಳಿದರು. ಹೌದು ಅಂದೆ. "ನನ್ನ ಎದುರು ಮಾತಾಡಿ ತೋರ್ಸು" ಅಂದರು. ತೋರಿಸಿದೆ.

ಮೊಬೈಲ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಸತ್ತ ಹಾಗೇ. ವಿಎಚ್‌ಎಫ್ ಕೂಡ ಭೂಮಿಯ ಬಾಗನ್ನು ದಾಟುವುದಿಲ್ಲ. ಎರಡೂ ಬೋಟಿನ ಆಂಟೆನಾ ನೀರಿನಿಂದ 6 ಮೀಟರ್ ಎತ್ತರ ಇದ್ದರೆ ಸುಮಾರು 20 ಕಿಲೋಮೀಟರ್ ತನಕ ಮಾತು ಹೋಗುತ್ತದೆ. ಅದಕ್ಕೇ ಸೆಟ್ಟಿಗೆ ದುಡ್ಡು ಸುರಿಯುವ ಮೊದಲು ಆಂಟೆನಾವನ್ನು ಮೇಲೆ ಹತ್ತಿಸಿ ಅನ್ನುತ್ತೇನೆ. ಕ್ಯಾಸಲ್‌ರಾಕಿನ ಗುಡ್ಡದ ಮೇಲೆ ಅಪ್ಪ ನಿಂತು ಮಾತಾಡುತ್ತಿದ್ದ ಲೆಕ್ಕವೇ ಇದು. ಅಪಾಯ ಬಂದರೆ ಕೂಗಬೇಕಾದದ್ದು ಚಾನೆಲ್ 16. ಅದರಲ್ಲಿ ಸಿನಿಮಾ ಹಾಡು ಹಾಕುವವರಿಗೆ ನಾನು ಬಂದರಿನಲ್ಲೇ ಬೈದಿದ್ದೇನೆ, ಮುಂದೆಯೂ ಬೈಯುತ್ತೇನೆ. ಈಗ ಇಸ್ರೋದವರು ಅಭಿವೃದ್ಧಿ ಮಾಡಿದ ಟ್ರಾನ್ಸ್‌ಪಾಂಡರ್ ಬೋಟುಗಳಿಗೆ ಬರುತ್ತಿದೆ. ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಹೋಗುತ್ತದೆ. ಒಳ್ಳೆಯದೇ. ಆದರೆ ಅದಕ್ಕೂ ಬ್ಯಾಟರಿಯಿಂದ ಒಂದು ವಯರು ಬೇಕು, ಆ ವಯರಿಗೂ ಉಪ್ಪುಗಾಳಿ ತಾಗುತ್ತದೆ.

ನಮ್ಮ ಸುಗ್ಗಿ ಜೂನ್ 1ರಿಂದ ಜುಲೈ 31. ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುವ 61 ದಿನ. ಆಗ ಬೋಟು ಮೇಲೆ ಬಂದಿರುತ್ತದೆ, ವಯರು ಬದಲಿಸಲು ಸಮಯ ಇರುತ್ತದೆ. ಸುರಿಯುವ ಮಳೆಯಲ್ಲಿ ತಾಡಪಾಲಿನಡಿ ಕೂತು ಬೆಸುಗೆ ಹಾಕುವುದು ಅಷ್ಟು ಸುಖದ ಕೆಲಸ ಅಲ್ಲ. ಆಗಸ್ಟ್ ಹತ್ತಿರ ಬಂದಂತೆ ಎಲ್ಲರಿಗೂ ಒಮ್ಮೆಲೇ ಅವಸರ. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಹೊರಡುವಷ್ಟರಲ್ಲಿ ತಮ್ಮ ಬೋಟು ತಯಾರಿರಬೇಕು.

2024ರಲ್ಲಿ ಸರಿಯಾಗಿ ಅದೇ ಹೊತ್ತಿಗೆ, ಜುಲೈ 16ರಂದು, ಅಂಕೋಲಾದ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಯ ಬದಿಯಲ್ಲಿದ್ದ ಜನ, ಲಾರಿ ಎಲ್ಲ ಗಂಗಾವಳಿಯ ಪಾಲು. ನಾನು ತದಡಿಗೆ ಹೋಗಲು ಆ ಜಾಗವನ್ನೇ ದಾಟಬೇಕು. ರಸ್ತೆ ಮುಚ್ಚಿದ ಮೇಲೆ ಉಪಕರಣದ ಚೀಲ ಹೊತ್ತು ಅಂಕೋಲಾದಿಂದ ಕೊಂಕಣ ರೈಲು ಹಿಡಿದು ಗೋಕರ್ಣ ರೋಡಿನಲ್ಲಿ ಇಳಿಯುತ್ತಿದ್ದೆ. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಮುರಿದು ಬಿತ್ತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಮೀನುಗಾರರೇ ಮೊದಲು ಎತ್ತಿದ್ದು ಅಂತ ಬಂದರಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಆ ಎರಡು ತಿಂಗಳು ಸದಾಶಿವಗಡದ ಕಡೆಯವರಿಗೂ ತದಡಿಯವರಿಗೂ ಫೋನಿನಲ್ಲೇ ಎಷ್ಟೋ ರಿಪೇರಿ ಮಾಡಿಸಿದೆ. ನೋಟ್‌ಬುಕ್ ತೆರೆದು, "ಎಡಗಡೆ ಕೆಂಪು ವಯರು ನೋಡು, ಅದರ ಕೆಳಗೆ ಫ್ಯೂಸು" ಅಂತ ಹೇಳುವುದು. ಆ ಪುಟಗಳು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ಮಾಮ ಈಗ ಬೋಟು ಹತ್ತುವುದಿಲ್ಲ, ಮೊಣಕಾಲು ಬಿಡುವುದಿಲ್ಲ. ಸಂಜೆ ಹೋಗಿ ಇವತ್ತಿನ ದೋಷ ಏನಿತ್ತು ಅಂತ ಹೇಳಬೇಕು. ಉತ್ತರ ಹೇಳುವ ಮೊದಲು ಅವರು ಊಹೆ ಮಾಡುತ್ತಾರೆ, ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಮಾಜಾಳಿಯಿಂದ ಭಟ್ಕಳದ ತನಕ ಈಗಲೂ ತಿರುಗುತ್ತೇನೆ. ರಾತ್ರಿ ಮಲಗುವುದು ಮಾತ್ರ ಅಂಕೋಲಾದಲ್ಲಿ. ಮಗಳು ಒಂದನೇ ಕ್ಲಾಸಿನಿಂದ ಒಂದೇ ಶಾಲೆಗೆ ಹೋಗುತ್ತಿದ್ದಾಳೆ. ಅವಳಿಗೆ ಅದೇ ಬೇಜಾರಂತೆ.

ದುಡ್ಡಿನ ವಿಷಯ ಕೇಳುವ ಹುಡುಗರಿದ್ದಾರೆ. ಬೆಂಗಳೂರಿನ ನನ್ನ ಜೊತೆಯವರಷ್ಟು ಬರುವುದಿಲ್ಲ. ಮಳೆಗಾಲದಲ್ಲಿ ಚೆನ್ನಾಗಿ, ಮೀನು ಬರದ ವರ್ಷ ಕಷ್ಟ. ಬೋಟಿನವರ ಬಾಕಿ ಮೀನು ಬಿದ್ದಾಗಲೇ ವಸೂಲು. ಕೆಲವೊಮ್ಮೆ ಅರ್ಧ ಬಾಕಿ ಶೆಟ್ಲಿಯಲ್ಲಿ, ಅಂದರೆ ಸಿಗಡಿಯಲ್ಲಿ ಬರುತ್ತದೆ, ಅದಕ್ಕೆ ಮನೆಯಲ್ಲಿ ಯಾರದೂ ತಕರಾರಿಲ್ಲ. ಡಿಪ್ಲೊಮಾ, ಐಟಿಐ ಮುಗಿಸಿದ ಒಬ್ಬಿಬ್ಬರು ಈಗ ನನ್ನ ಜೊತೆ ಬರುತ್ತಾರೆ. ಇನ್ನೂ ಇಬ್ಬರಿಗೆ ಕೆಲಸ ಇದೆ. ಬರುವುದಾದರೆ ಜೂನ್ ಮೊದಲ ವಾರ ಬನ್ನಿ. ಒಂದು ಮಲ್ಟಿಮೀಟರ್, ಒಂದು ಟಾರ್ಚು, ಗೆರೆ ಇಲ್ಲದ ಒಂದು ನೋಟ್‌ಬುಕ್ ತನ್ನಿ. ಸ್ಕ್ರೂಡ್ರೈವರ್ ಬೇಡ, ಅದನ್ನು ನಾನು ಕೊಡುತ್ತೇನೆ, ಸ್ವಲ್ಪ ದಿನ ಕಳೆದ ಮೇಲೆ.